ಚಟದ ಜಾಡು ಹಿಡಿದ ಮಿದುಳಿನ ಚಿತ್ರಗಳು

ಜಿಲ್ಲಾ ಪುಟಕ್ಕೆ ನಾವು ಕಳಿಸುವ ಮಾದಕ ವಸ್ತುವಿನ ಸುದ್ದಿ ಹೆಚ್ಚಾಗಿ ಪೊಲೀಸ್ ಠಾಣೆಯಲ್ಲೇ ಹುಟ್ಟುತ್ತದೆ. ಎಷ್ಟು ಕೆ.ಜಿ. ಗಾಂಜಾ, ಎಷ್ಟು ಜನರ ಬಂಧನ, ಅಷ್ಟೆ. ಚಟಕ್ಕೆ ಬಿದ್ದವನ ತಲೆಯೊಳಗೆ ಏನಾಗಿದೆ ಎಂಬುದು ಅದರಲ್ಲಿ ಬರುವುದಿಲ್ಲ. ಅದನ್ನು ಚಿತ್ರದಲ್ಲಿ ಹಿಡಿಯಲು ಹೊರಟ ಕೆಲಸಕ್ಕೆ ಈಗ ಸುಮಾರು ನಲವತ್ತು ವರ್ಷ.

1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಕೊಕೇನ್ ಎಂದರೆ ಉಳ್ಳವರ ಮೋಜು. ಆಗೀಗ ತೆಗೆದುಕೊಂಡರೆ ಅಪಾಯವಿಲ್ಲ ಎಂದು ನಂಬಿದ್ದ ವೈದ್ಯರೂ ಇದ್ದರು. ಆ ಹೊತ್ತಿಗೆ ಪೆಟ್ ಸ್ಕ್ಯಾನ್ ಬಂದಿತ್ತು. ಎಕ್ಸ್‌ರೇ ಮೂಳೆಯ ಆಕಾರ ತೋರಿಸಿದರೆ, ಇದು ಮಿದುಳು ಕೆಲಸ ಮಾಡುವ ರೀತಿಯನ್ನು ತೋರಿಸುತ್ತದೆ. ಅಲ್ಪ ವಿಕಿರಣ ಸೂಸುವ ಸಕ್ಕರೆ ಅಥವಾ ನೀರನ್ನು ರಕ್ತಕ್ಕೆ ಸೇರಿಸಿ, ಅದು ಮಿದುಳಿನ ಯಾವ ಭಾಗಕ್ಕೆ ಎಷ್ಟು ಹೋಯಿತು ಎಂದು ಯಂತ್ರ ಲೆಕ್ಕ ಹಾಕುತ್ತದೆ.

ಮೆಕ್ಸಿಕೋದಿಂದ ಬಂದ ಮನೋವೈದ್ಯೆ ನೋರಾ ವೋಲ್ಕೋ ಈ ಯಂತ್ರವನ್ನು ಕೊಕೇನ್ ಚಟದವರತ್ತ ತಿರುಗಿಸಿದರು. ಇವರು ರಷ್ಯಾದ ಕ್ರಾಂತಿಕಾರಿ ಟ್ರಾಟ್‌ಸ್ಕಿಯ ಮರಿಮೊಮ್ಮಗಳು. ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಮಾಡಿದ ಈ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಮಿದುಳಿನ ಮುಂಭಾಗದಲ್ಲಿ ರಕ್ತ ಸಂಚಾರ ಕುಗ್ಗಿತ್ತು. ಯೋಚಿಸಿ, ತಡೆದು, ತೀರ್ಮಾನಿಸುವ ಕೆಲಸದ ಬಹುಪಾಲು ನಡೆಯುವುದು ಅಲ್ಲೇ.

1993ರಲ್ಲಿ ವೋಲ್ಕೋ ಮತ್ತು ಬ್ರೂಕ್‌ಹೇವನ್ ಪ್ರಯೋಗಾಲಯದ ಸಹೋದ್ಯೋಗಿಗಳು ಇನ್ನೊಂದು ಸಂಗತಿ ಕಂಡರು. ಡೋಪಮಿನ್ ಎಂಬ ರಾಸಾಯನಿಕದ ಸಂದೇಶವನ್ನು ಹಿಡಿಯುವ ಗ್ರಾಹಕಗಳು ಚಟದವರಲ್ಲಿ ಕಡಿಮೆಯಿದ್ದವು. ಕೊಕೇನ್ ಬಿಟ್ಟು ತಿಂಗಳುಗಳಾದರೂ ಕೊರತೆ ತುಂಬಿರಲಿಲ್ಲ. ಹೆಂಡತಿ ಮಕ್ಕಳ ಮೇಲೆ ಆಣೆ ಮಾಡಿದವನು ವಾರದಲ್ಲೇ ಮತ್ತೆ ಜಾರುವುದನ್ನು ಬರೀ ಕೊಬ್ಬು ಎನ್ನಲಾಗದು ಎಂಬುದಕ್ಕೆ ಇದೊಂದು ಸುಳಿವು.

ಆದರೆ ಮಿದುಳು ಕೆಟ್ಟಿದ್ದರಿಂದ ಚಟ ಬಂತೋ, ಚಟದಿಂದ ಮಿದುಳು ಕೆಟ್ಟಿತೋ? ಒಂದು ಸಲ ತೆಗೆದ ಚಿತ್ರ ಇದನ್ನು ಹೇಳುವುದಿಲ್ಲ. ಇಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಪಾಲೂ ಇದೆ. ಕುಟುಂಬದಲ್ಲಿ ಕುಡಿತದ ಚಟ ಇದ್ದು, ತಾವಿನ್ನೂ ಚಟಕ್ಕೆ ಬೀಳದ ಯುವಕರನ್ನು ಅಲ್ಲಿಯ ಸಂಶೋಧಕರು ಎಂಆರ್‌ಐ ಮೂಲಕ ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಅವರ ಮಿದುಳಿನ ಕೆಲ ಭಾಗಗಳು ಇತರರಿಗಿಂತ ಚಿಕ್ಕದಾಗಿದ್ದವು. ಅಂದರೆ ಕೆಲವರಿಗೆ ಅಪಾಯ ಮೊದಲ ಗುಟುಕಿಗೂ ಮುಂಚೆಯೇ ಇರಬಹುದು.

ಹಾಗೆಂದು ಇದು ಹಣೆಬರಹವಲ್ಲ. 2001ರಲ್ಲಿ ವೋಲ್ಕೋ ತಂಡ ಮೆಥಾಂಫೆಟಮೀನ್ ಬಿಟ್ಟ ಐವರನ್ನು ವರ್ಷ ಕಳೆದ ಮೇಲೆ ಮತ್ತೆ ಪರೀಕ್ಷಿಸಿತು. ಡೋಪಮಿನ್ ವ್ಯವಸ್ಥೆ ಚೇತರಿಸಿಕೊಳ್ಳುತ್ತಿತ್ತು. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್‌ಗೆ ಬಿದ್ದ ಅಮೆರಿಕನ್ ಸೈನಿಕರ ಕಥೆಯೂ ಇದೆ. ಊರಿಗೆ ಮರಳಿದ ಮೇಲೆ ಹೆಚ್ಚಿನವರು ಮತ್ತೆ ಚಟಕ್ಕೆ ಬೀಳಲಿಲ್ಲ ಎಂದು ಲೀ ರಾಬಿನ್ಸ್ ಅವರ ಸಮೀಕ್ಷೆ ತೋರಿಸಿತು. ಸುತ್ತಲಿನ ಬದುಕು ಬದಲಾದರೆ ಚಟವೂ ಸಡಿಲವಾಗುತ್ತದೆ. ಇದು ಸ್ಕ್ಯಾನ್‌ನಲ್ಲಿ ಕಾಣದ ಸತ್ಯ.

ನಮ್ಮ ಕಾನೂನಿನಲ್ಲೂ ಚಿಕಿತ್ಸೆಗೆ ದಾರಿಯಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪೂರ್ತಿ ಪಡೆದರೆ, ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಬಂಧನದ ಸುದ್ದಿಯ ಕೊನೆಗೆ ಇದನ್ನೊಂದು ಸಾಲು ಬರೆಯಲು ನಮಗೆ ಜಾಗ ಸಿಗಬೇಕು. ಓದುವ ಮನೆಗಳಲ್ಲಿ ಯಾರಿಗೋ ಅದು ಬೇಕಾಗಿರುತ್ತದೆ.