ಅಲ್ಪ ಬಂಡವಾಳ ಮತ್ತು ಸರಕಿನ ವೈವಿಧ್ಯ: ಗಜೇಂದ್ರಗಡದ ಸೀರೆಯಿಂದ ಅಗ್ಗದ ಮೊಬೈಲಿನವರೆಗೆ

ಅಲ್ಪ ಬಂಡವಾಳದ ಉತ್ಪಾದಕನು ಎಷ್ಟು ಬಗೆಯ ಸರಕನ್ನು ತಯಾರಿಸಬೇಕು? ಕೆಲವೇ ಬಗೆಗಳಾದರೆ ಗಿರಾಕಿಯು ಬೇರೆ ಅಂಗಡಿಗೆ ಹೋಗುತ್ತಾನೆ. ಹಲವಾದರೆ ಬಂಡವಾಳವು ಮಾರದ ಸರಕಿನಲ್ಲಿ ಸಿಲುಕುತ್ತದೆ. ಅಗ್ಗದ ಮೊಬೈಲುಗಳನ್ನು ಮಾರಿದ ಭಾರತೀಯ ಕಂಪನಿಗಳಿಗೆ ಎದುರಾದ ಈ ಪ್ರಶ್ನೆಯು ರೋಣ ಸೀಮೆಯ ನೇಕಾರರಿಗೆ ಹೊಸದಾಗಿರಲಿಲ್ಲ.

ರೋಣ, ನರಗುಂದಗಳ ಎರೆಭೂಮಿ ಹತ್ತಿಗೆ ಹೆಸರಾದುದು. ಮೊದಲು ರೋಣ ತಾಲೂಕಿಗೆ ಸೇರಿದ್ದ ಗಜೇಂದ್ರಗಡದ ಕೈಮಗ್ಗಗಳಲ್ಲಿ ಎರಡು ಸೀರೆಗಳು ಗಮನಾರ್ಹವಾದುವು. ಪಟ್ಟೇದ ಅಂಚಿನದು ಚೌಕಳಿಯ ಒಡಲು, ಅಗಲವಾದ ಅಂಚುಗಳುಳ್ಳ ದಪ್ಪ ಹತ್ತಿಯ ಸೀರೆ. ಎರಡೂ ಮಗ್ಗುಲಿನಿಂದ ಉಡಬಹುದಾದ್ದರಿಂದ ಹೊಲದಲ್ಲಿ ದುಡಿಯುವ ಹೆಂಗಸರಿಗೆ ಒಪ್ಪಿದುದು. ಇನ್ನೊಂದು ಇಳಕಲ್ಲಿನ ಬಗೆ. ಇದರಲ್ಲಿ ಒಡಲಿನ ಹತ್ತಿಯ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಎರಡರಲ್ಲೂ ಮೂಲರಚನೆ ಒಂದೇ. ಬಣ್ಣ, ಚೌಕಳಿ, ದಡಿಗಳಷ್ಟೇ ಬದಲಾಗುತ್ತವೆ. ಕಡಿಮೆ ವೆಚ್ಚದಲ್ಲಿ ವೈವಿಧ್ಯವನ್ನು ಸಾಧಿಸುವ ಉಪಾಯವಿದು.

ಆದರೆ ಇವೆರಡರ ಗತಿ ಒಂದೇ ಆಗಲಿಲ್ಲ. ವಿದ್ಯುತ್ ಮಗ್ಗದ ಅಗ್ಗದ ಬಟ್ಟೆ ಬಂದಾಗ ಪಟ್ಟೇದ ಅಂಚು ಬಹುಮಟ್ಟಿಗೆ ಮರೆಯಾಯಿತು. 2010ರ ದಶಕದಲ್ಲಿ ಅದನ್ನು ಪುನರುಜ್ಜೀವನಗೊಳಿಸಬೇಕಾಯಿತು. ಇಳಕಲ್ ಸೀರೆಗೂ ಅನುಕರಣೆಗಳು ಬಂದವು. ಆದರೂ ಕೊಂಡಿಯ ಸೆರಗು ಅದನ್ನು ಗುರುತಿಸುವ ಲಕ್ಷಣವಾಗಿ ಉಳಿಯಿತು. ಸರಕಾರವು 1985ರ ಕಾಯಿದೆಯಿಂದ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿರಿಸಿತ್ತು. ಮುಂದೆ ಅವು 11ಕ್ಕೆ ಇಳಿದವು. ಮೀಸಲಾತಿಯೊಂದೇ ನೇಕಾರನನ್ನು ಕಾಯಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಮೊಬೈಲಿನ ಇತಿಹಾಸವನ್ನು ಈ ಬೆಳಕಿನಲ್ಲಿ ನೋಡಬಹುದು. 2009ರಲ್ಲಿ ಬೆಂಗಳೂರಿನ ಯು.ಟಿ.ಎಲ್. ಹಾಗೂ ದೆಹಲಿಯ ಜೈನಾ ಸಂಸ್ಥೆಗಳು ಕೂಡಿ ಕಾರ್ಬನ್ ಮೊಬೈಲನ್ನು ಆರಂಭಿಸಿದವು. ಇಂಥ ಕಂಪನಿಗಳ ಮಾದರಿಗಳು ಹಲವು. ಆದರೆ ಅವುಗಳ ಮೂಲರಚನೆ ಬಹುಪಾಲು ಚೀನದಿಂದ ಬಂದದ್ದು, ಹಣವುಳ್ಳ ಯಾರಿಗೂ ದೊರೆಯುವಂಥದು. 2014ರಲ್ಲಿ ಶಿಯೋಮಿ ಭಾರತಕ್ಕೆ ಬಂದು, 2016ರಲ್ಲಿ ಜಿಯೋದ 4ಜಿ ಸೇವೆ ಆರಂಭವಾದ ಮೇಲೆ ಈ ದೇಶೀಯ ಹೆಸರುಗಳು ಪೇಟೆಯಲ್ಲಿ ಹಿಂದೆ ಸರಿದವು.

ನೇಕಾರನು ಮೂಲರಚನೆಯನ್ನು ತನ್ನ ಕೈಯಲ್ಲಿಟ್ಟುಕೊಂಡು ಹೊರರೂಪವನ್ನು ಬದಲಿಸಿದನು. ಮೊಬೈಲು ಕಂಪನಿಯು ಮೂಲರಚನೆಯನ್ನೇ ಕೊಂಡು ತಂದು ಹೊರರೂಪವನ್ನು ಮಾತ್ರ ತನ್ನದಾಗಿಸಿಕೊಂಡಿತು. ಆದುದರಿಂದ ಅಲ್ಪ ಬಂಡವಾಳದವನಿಗೆ ಬಗೆಗಳ ಸಂಖ್ಯೆಗಿಂತಲೂ, ಆ ಬಗೆಗಳಲ್ಲಿ ಅನ್ಯರಿಗೆ ಸುಲಭವಾಗಿ ದಕ್ಕದ ಅಂಶವೊಂದು ಇರುವುದೇ ಮುಖ್ಯವೆಂದು ತೋರುತ್ತದೆ. ಇಂದಿಗೂ ಮಗ್ಗವನ್ನೇ ನಂಬಿರುವ ಕುಟುಂಬಗಳಿಗೆ ಇದು ಬದುಕಿನ ಪ್ರಶ್ನೆಯಾಗಿದೆ.