ಬಿಡಿಸಿ ತರಲಾಗದ ಹೊರೆ

ಬೀದರದ ಬಳಿಯ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳನ್ನು ನೀವು ನೋಡಿರಬಹುದು. ಎಷ್ಟೇ ಎತ್ತರವಿದ್ದರೂ ಅವು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದವು; ಕಲ್ಲುಗಳನ್ನು ಬಿಡಿಬಿಡಿಯಾಗಿ ಸಾಗಿಸಬಹುದಿತ್ತು. ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈಯವರು ಕೆತ್ತಿದ 39 ಅಡಿಯ ಬಾಹುಬಲಿಗೆ ಆ ಅನುಕೂಲವಿರಲಿಲ್ಲ. ಏಕಶಿಲೆ, ಸುಮಾರು 170 ಟನ್ ತೂಕ. ದಾರಿಯಲ್ಲಿ ಬಿರುಕು ಬಿಟ್ಟರೆ ವರ್ಷಗಳ ಉಳಿಯ ಕೆಲಸವೆಲ್ಲ ಮಣ್ಣುಪಾಲು.

1973ರಲ್ಲಿ ಅದು ಧರ್ಮಸ್ಥಳಕ್ಕೆ ಹೊರಟದ್ದು 64 ಚಕ್ರಗಳ ಟ್ರೇಲರಿನ ಮೇಲೆ. ಲೆಕ್ಕ ಹಾಕಿ ನೋಡಿ: ವಿಗ್ರಹದ ಭಾರವೇ ಚಕ್ರವೊಂದಕ್ಕೆ ಎರಡೂವರೆ ಟನ್ನಿಗೂ ಹೆಚ್ಚು! ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು. ನಿಲ್ಲಿಸಬೇಕಾದಾಗ ಅಷ್ಟನ್ನೂ ಬ್ರೇಕುಗಳೇ ನುಂಗಬೇಕು. ಆ ಪಯಣ ನಿಧಾನವಾಗಿ ಸಾಗಿದ್ದು ಭಕ್ತಿಯಿಂದ ಮಾತ್ರವಲ್ಲ. 1982ರಲ್ಲಿ ಪ್ರತಿಷ್ಠೆಯಾದ ಆ ಮೂರ್ತಿಯ ಮುಖವನ್ನು ಎಲ್ಲರೂ ನೋಡುತ್ತಾರೆ. ನನಗೇಕೋ ಆ ಚಕ್ರಗಳದೇ ನೆನಪು.