ಕುದುರೆಮುಖದ ಗಣಿ: ಶಿಲೆ, ಮಳೆ ಮತ್ತು ಮಂಗಳೂರು

ಮಂಗಳೂರಿನ ಪಣಂಬೂರಿನಲ್ಲಿ, ನವಮಂಗಳೂರು ಬಂದರಿನ ಸಮೀಪ, ಕಬ್ಬಿಣದ ಅದಿರನ್ನು ಉಂಡೆಗಟ್ಟುವ ಕಾರ್ಖಾನೆಯೊಂದಿದೆ. ಅದನ್ನು ನಡೆಸುವ ಸಂಸ್ಥೆ ಕೆ.ಐ.ಒ.ಸಿ.ಎಲ್. ಹೆಸರಿನ ಮೊದಲ ಅಕ್ಷರ ಸೂಚಿಸುವುದು ಕುದುರೆಮುಖವನ್ನು. ಆದರೆ ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಗಣಿ ಘಟ್ಟದ ಮೇಲೆ ಮುಚ್ಚಿಹೋಯಿತು, ಅದಕ್ಕಾಗಿಯೇ ಹುಟ್ಟಿದ ಕಾರ್ಖಾನೆ ಕಡಲ ತಡಿಯಲ್ಲಿ ಉಳಿದುಕೊಂಡಿತು. ಈ ಗಣಿಯ ಚರಿತ್ರೆಯನ್ನು ಸಾಮಾನ್ಯವಾಗಿ ಉದ್ಯಮ ಮತ್ತು ಪರಿಸರಗಳ ನಡುವಣ ವ್ಯಾಜ್ಯವಾಗಿ ಹೇಳಲಾಗುತ್ತದೆ. ಅದು ನಿಜವೇ. ಆದರೆ ಆ ವ್ಯಾಜ್ಯದ ಬೇರು ಶಿಲೆಯಲ್ಲಿಯೂ ಮಳೆಯಲ್ಲಿಯೂ ಇದೆ. ಈ ಗಣಿಯನ್ನು ಸಾಧ್ಯವಾಗಿಸಿದ್ದು ಮಳೆ. ಅದನ್ನು ಮುಚ್ಚಿಸಿದ್ದೂ ಮಳೆಯೇ.

ಸಮುದ್ರಮಟ್ಟದಿಂದ ಸುಮಾರು 1890 ಮೀಟರ್ ಎತ್ತರದ ಈ ಶಿಖರಕ್ಕೆ ಕುದುರೆಯ ಮುಖದಂತೆ ಕಾಣುವ ಆಕೃತಿಯಿಂದಾಗಿ ಈ ಹೆಸರು ಬಂದಿದೆ. ಕರಾವಳಿಯ ನಾವಿಕರಿಗೆ ಅದು ದೂರದಿಂದಲೇ ದಾರಿ ತೋರುವ ಗುರುತಾಗಿತ್ತು. ಈ ಬೆಟ್ಟಸಾಲಿನ ಮೇಲ್ಬದಿಯಲ್ಲಿ ಕಳಸ, ಕೆಳಬದಿಯಲ್ಲಿ ಕಾರ್ಕಳ. ಇವೆರಡನ್ನೂ ಒಟ್ಟಿಗೆ ಆಳಿದವರು ಜೈನರಾದ ಭೈರರಸರು. 1432ರಲ್ಲಿ ಕಾರ್ಕಳದ ಬಂಡೆಗುಡ್ಡದ ಮೇಲೆ ಬಾಹುಬಲಿಯ ವಿಗ್ರಹವನ್ನು ಪ್ರತಿಷ್ಠಾಪಿಸಿದ ವೀರಪಾಂಡ್ಯನೂ, 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರವನೂ ಈ ಮನೆತನದವರು. ಆಧುನಿಕ ಆಡಳಿತ ಘಟ್ಟದ ಮೇಲಣ ನಾಡನ್ನೂ ಕೆಳಗಣ ನಾಡನ್ನೂ ಬೇರೆ ಬೇರೆ ಜಿಲ್ಲೆಗಳಾಗಿಸುವ ಮೊದಲು ಇವು ಒಂದೇ ಅರಸೊತ್ತಿಗೆಯ ಎರಡು ಮಗ್ಗುಲುಗಳಾಗಿದ್ದವು. ಇಪ್ಪತ್ತನೆಯ ಶತಮಾನದ ಗಣಿ ಅವನ್ನು ಮತ್ತೊಂದು ಬಗೆಯಲ್ಲಿ, ಒಂದು ಉಕ್ಕಿನ ಕೊಳವೆಯ ಮೂಲಕ ಜೋಡಿಸಿತು.

ಇಲ್ಲಿಯ ಅದಿರು ಧಾರವಾಡ ಶಿಲಾವರ್ಗಕ್ಕೆ ಸೇರಿದ್ದು. ಅದರ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹೆಚ್ಚು. ಆಗ ಭೂಮಿಯ ವಾತಾವರಣದಲ್ಲಿ ಆಮ್ಲಜನಕ ಅತ್ಯಲ್ಪವಾಗಿತ್ತು, ಸಾಗರದ ನೀರಿನಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಆ ಕಬ್ಬಿಣವೂ ಸಿಲಿಕವೂ ಪದರ ಪದರವಾಗಿ ಸಾಗರದ ತಳಕ್ಕಿಳಿದು, ಮುಂದೆ ಭೂಗರ್ಭದ ಶಾಖ ಹಾಗೂ ಒತ್ತಡಗಳಿಗೆ ಸಿಕ್ಕಿ, ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಮತ್ತು ಬೆಣಚುಗಳ ಪಟ್ಟೆಶಿಲೆಯಾಯಿತು. ಇದರಲ್ಲಿ ಕಬ್ಬಿಣದ ಅಂಶ ನೂರಕ್ಕೆ ನಲವತ್ತರೊಳಗೆ. ಬಳ್ಳಾರಿ ಸೀಮೆಯ ಶ್ರೀಮಂತ ಹೆಮಟೈಟ್ ಅದಿರಿನ ಮುಂದೆ ಇದು ಬಡ ಅದಿರು. ಆದರೆ ಈ ಸಾಲಿಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಯುಗಯುಗಗಳಿಂದ ಇಳಿದ ಆ ನೀರು ಶಿಲೆಯ ಸಿಲಿಕವನ್ನು ಅಷ್ಟಷ್ಟೇ ಕರಗಿಸಿ ಒಯ್ದು ಮೇಲಿನ ಸ್ತರವನ್ನು ಸಡಿಲಗೊಳಿಸಿತು. ಹೀಗೆ ಶಿಥಿಲವಾದ ಅದಿರನ್ನು ಅಗೆಯುವುದೂ ಅರೆಯುವುದೂ ಸುಲಭ. ಅದರಡಿಯಲ್ಲಿ ಮಳೆ ಮುಟ್ಟದ ಗಟ್ಟಿಯಾದ ಮೂಲ ಅದಿರಿದೆ. ಇವೆರಡರ ಭೇದ ಮುಂದೆ ನ್ಯಾಯಾಲಯದ ತೀರ್ಪಿನಲ್ಲಿಯೂ ಕಾಣಿಸಿಕೊಳ್ಳಲಿತ್ತು.

ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ ಅವರು 1913ರಲ್ಲಿ ಈ ನಿಕ್ಷೇಪವನ್ನು ಗುರುತಿಸಿದರು. ಬಡ ಅದಿರು, ದುರ್ಗಮ ಕಾಡು, ಎಡೆಬಿಡದ ಮಳೆ. ಅರುವತ್ತು ವರ್ಷಗಳವರೆಗೆ ಅದು ವರದಿಗಳಲ್ಲಿಯೇ ಉಳಿಯಿತು. 1970ರ ದಶಕದಲ್ಲಿ ತೈಲದ ಹಣದಿಂದ ಸಮೃದ್ಧವಾಗಿದ್ದ ಇರಾನಿಗೆ ಉಕ್ಕಿನ ಕಾರ್ಖಾನೆಗಳು ಬೇಕಾದವು, ಅವುಗಳಿಗೆ ಅದಿರು ಬೇಕಾಯಿತು. ಭಾರತ ಹಾಗೂ ಇರಾನ್ 1975ರಲ್ಲಿ ಒಪ್ಪಂದ ಮಾಡಿಕೊಂಡವು. 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಸಂಸ್ಥೆ ಸ್ಥಾಪನೆಗೊಂಡಿತು. ವರ್ಷಕ್ಕೆ 75 ಲಕ್ಷ ಟನ್ ಸಾರೀಕೃತ ಅದಿರಿನ ಸಾಮರ್ಥ್ಯದ ಯೋಜನೆ 1980ರಲ್ಲಿ ಸಿದ್ಧವಾಗುವ ಹೊತ್ತಿಗೆ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಪದಚ್ಯುತನಾಗಿದ್ದನು. ಯಾರಿಗಾಗಿ ಗಣಿ ತೆರೆಯಲಾಗಿತ್ತೋ ಆ ಗ್ರಾಹಕನೇ ಹಿಂದೆ ಸರಿದನು. ಸಂಸ್ಥೆ ಬೇರೆ ದೇಶಗಳ ಮಾರುಕಟ್ಟೆ ಹುಡುಕಿಕೊಂಡಿತು. 1987ರಲ್ಲಿ ಪಣಂಬೂರಿನ ಉಂಡೆ ಕಾರ್ಖಾನೆ ಆರಂಭವಾಯಿತು.

ಬೆಟ್ಟದಿಂದ ಬಂದರಿಗೆ ಅದಿರನ್ನು ಸಾಗಿಸಿದ ಬಗೆ ಗಮನಾರ್ಹವಾದುದು. ಲಾರಿಯೂ ಬೇಕಾಗಲಿಲ್ಲ, ರೈಲೂ ಬೇಕಾಗಲಿಲ್ಲ. ಅದಿರನ್ನು ಹಿಟ್ಟಿನಂತೆ ಅರೆದು, ಬೆಣಚನ್ನು ಬೇರ್ಪಡಿಸಿ, ಉಳಿದ ಕಬ್ಬಿಣದ ಪುಡಿಯನ್ನು ನೀರಿನಲ್ಲಿ ಕದಡಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹರಿಯಬಿಡಲಾಗುತ್ತಿತ್ತು. ಘಟ್ಟದ ಇಳಿಜಾರೇ ಅದನ್ನು ಕಡಲ ತಡಿಗೆ ಒಯ್ಯುತ್ತಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ. ಗಣಿಗೆ ನೀರು ಒದಗಿಸಿದ ಲಕ್ಯಾ ಹೊಳೆ ಭದ್ರೆಯ ಉಪನದಿ. ಭದ್ರೆ ಪೂರ್ವಕ್ಕೆ ಹರಿದು, ತುಂಗೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಸೇರುವಂಥದು. ಬಯಲುಸೀಮೆಯ ಕಡೆಗೆ ಹೋಗಬೇಕಾಗಿದ್ದ ನೀರಿನ ಒಂದು ಪಾಲು ಕಾಲು ಶತಮಾನ ಕಾಲ ಅದಿರಿನೊಡನೆ ಘಟ್ಟವಿಳಿದು ಪಡುಗಡಲ ತಡಿಗೆ ಬಂದಿತು.

ಕಬ್ಬಿಣ ಮಂಗಳೂರಿಗೆ ಬಂದಿತು, ಉಳಿದುದು ಬೆಟ್ಟದಲ್ಲಿಯೇ ನಿಂತಿತು. ಒಂದು ಟನ್ ಸಾರಕ್ಕೆ ಸುಮಾರು ಮೂರು ಟನ್ ಅದಿರನ್ನು ಅಗೆಯಬೇಕಾಗಿತ್ತು. ಎಂದರೆ ಮೂರರಲ್ಲಿ ಎರಡು ಪಾಲು ತ್ಯಾಜ್ಯ. ಅದನ್ನು ಹಿಡಿದಿಡಲು ಲಕ್ಯಾ ಹೊಳೆಗೆ ಅಡ್ಡಲಾಗಿ ನೂರು ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಅರೆದ ಬೆಣಚಿನ ಹುಡಿಯನ್ನು ಅಣೆಕಟ್ಟು ತಡೆಯಿತು. ಅಗೆದು ಬೆತ್ತಲೆಯಾದ ಗುಡ್ಡದ ಮಣ್ಣನ್ನು ಪೂರ್ತಿಯಾಗಿ ತಡೆಯುವುದು ಯಾವ ಕಟ್ಟೆಗೂ ಸಾಧ್ಯವಿರಲಿಲ್ಲ. ಹುಲ್ಲುಗಾವಲೂ ಶೋಲಾ ಕಾಡೂ ಹೊದ್ದಿದ್ದ ನೆಲದ ಮೇಲೆ ಅದೇ ಮಳೆ ಸುರಿದರೆ ತಿಳಿನೀರು ಹರಿಯುತ್ತಿತ್ತು, ಗಣಿಯ ಮೆಟ್ಟಿಲುಗಳ ಮೇಲೆ ಸುರಿದಾಗ ಕೆಂಪು ಹೂಳು ಹರಿಯಿತು. ಭದ್ರೆಯ ಜಲಾನಯನ ಪ್ರದೇಶದಲ್ಲಿ ಗಣಿಯ ವಿಸ್ತೀರ್ಣ ಅತ್ಯಲ್ಪವಾದರೂ ನದಿಯ ಹೂಳಿನಲ್ಲಿ ಅದರ ಪಾಲು ಬಹಳ ದೊಡ್ಡದೆಂದು ಅಧ್ಯಯನಗಳು ತೋರಿಸಿದವು. ಆ ನದಿಯನ್ನೇ ನಂಬಿದ ರೈತರು ಲಕ್ಕವಳ್ಳಿಯ ಭದ್ರಾ ಜಲಾಶಯದ ಕೆಳಗೆ ಬಹು ದೂರದವರೆಗೆ ಇದ್ದಾರೆ.

1969ರಲ್ಲಿ ಆರಂಭವಾದ ಮೂವತ್ತು ವರ್ಷಗಳ ಗಣಿ ಗುತ್ತಿಗೆ 1999ಕ್ಕೆ ಮುಗಿಯಿತು. ಈ ನಡುವೆ, 1987ರಲ್ಲಿ, ಸಿಂಗಳೀಕಗಳ ನೆಲೆಯಾದ ಈ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಿತ್ತು. ಗುತ್ತಿಗೆಯ ನವೀಕರಣವನ್ನು ಪ್ರಶ್ನಿಸಿ ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಘಟ್ಟದ ಮೇಲಿನ ಗಣಿಪಟ್ಟಣದಲ್ಲಿಯೂ ಪಣಂಬೂರಿನಲ್ಲಿಯೂ ಸಾವಿರಾರು ಕುಟುಂಬಗಳ ಅನ್ನ ಗಣಿಗೆ ಅಂಟಿಕೊಂಡಿತ್ತು. ಬಂದರಿನ ಸರಕಿನಲ್ಲಿ ಅದಿರಿನ ಪಾಲು ದೊಡ್ಡದಿತ್ತು. ಆದುದರಿಂದ ಅದು ಸುಲಭದ ಪ್ರಶ್ನೆಯಾಗಿರಲಿಲ್ಲ. 2002ರ ಅಕ್ಟೋಬರ್ 30ರಂದು ಬಂದ ತೀರ್ಪು, ಆಗಲೇ ಅಗೆದ ಪ್ರದೇಶದೊಳಗಿನ ಶಿಥಿಲ ಅದಿರು ಮುಗಿಯುವಷ್ಟು ಕಾಲ, ಅಂದರೆ 2005ರ ಅಂತ್ಯದವರೆಗೆ ಮಾತ್ರ ಅವಕಾಶವಿತ್ತಿತು. ಮಳೆ ಸಡಿಲಗೊಳಿಸಿದ ಶಿಲೆಯ ಅಂಚಿಗೆ ಗಣಿಯ ಆಯುಷ್ಯ ಮುಗಿಯಿತು. ಗಟ್ಟಿ ಅದಿರು ನೆಲದಲ್ಲಿಯೇ ಉಳಿಯಿತು.

ಮುಚ್ಚಿದ ಗಣಿಯೊಂದಿಗೆ ಅದರ ಹೊಣೆ ಮುಚ್ಚಿಹೋಗುವುದಿಲ್ಲ. ಘಟ್ಟದ ಮೇಲಣ ಪಟ್ಟಣ ಬಹುಮಟ್ಟಿಗೆ ಬರಿದಾಗಿದೆ, ಲಕ್ಯಾ ಅಣೆಕಟ್ಟಿನ ಹಿಂದೆ ತ್ಯಾಜ್ಯದ ರಾಶಿ ಹಾಗೆಯೇ ಇದೆ. ಪ್ರತಿ ಮಳೆಗಾಲದಲ್ಲಿಯೂ ಆ ಕಟ್ಟೆ ಭದ್ರವಾಗಿರಬೇಕು, ಅದನ್ನು ಕಾಯುವವರಿರಬೇಕು. ಪಣಂಬೂರಿನ ಕಾರ್ಖಾನೆ ಛತ್ತೀಸಗಢದಂತಹ ದೂರದ ನಾಡುಗಳ ಹೆಮಟೈಟ್ ಅದಿರಿಗೆ ಒಗ್ಗಿಕೊಳ್ಳಬೇಕಾಯಿತು. ಸ್ವಂತ ಗಣಿಗಾಗಿ ಸಂಸ್ಥೆ ಸಂಡೂರಿನ ದೇವದಾರಿ ಬೆಟ್ಟದ ಕಡೆ ನೋಡಿತು. ಅಲ್ಲಿಯ ಅರಣ್ಯಭೂಮಿಯನ್ನು ಹಸ್ತಾಂತರಿಸಬಾರದೆಂದು ಕರ್ನಾಟಕದ ಅರಣ್ಯ ಸಚಿವರು 2024ರಲ್ಲಿ ಸೂಚಿಸಿದಾಗ, ಕುದುರೆಮುಖದ ಕಾಲದ ಬಾಕಿ ಹೊಣೆಗಳೂ ಕಾರಣವಾಗಿ ಮುಂದೆ ಬಂದವು. ಹಳೆಯ ಗಣಿಯ ಲೆಕ್ಕ ಹೊಸ ಗಣಿಯ ಬಾಗಿಲಲ್ಲಿ ಎದುರಾಯಿತು.

ಗಣಿ ನಡೆದದ್ದು ಕಾಲು ಶತಮಾನ. ಆ ಅವಧಿಯ ಲಾಭ, ನೌಕರಿ, ವಿದೇಶೀ ವಿನಿಮಯಗಳನ್ನು ಲೆಕ್ಕಪುಸ್ತಕಗಳು ಬರೆದಿಟ್ಟಿವೆ. ಕಾವಲಿನ ಖರ್ಚನ್ನು ಬರೆಯಬೇಕಾದ ಪುಟಗಳು ಇನ್ನೂ ಮುಗಿದಿಲ್ಲ. ಎಷ್ಟು ಮಳೆಗಾಲಗಳವರೆಗೆ ಅವು ಬೇಕಾಗುವುವೋ ಅಷ್ಟನ್ನೂ ಅಗೆಯುವ ಮೊದಲೇ ಎಣಿಸಬೇಕೆಂಬುದು ಕುದುರೆಮುಖ ಕಲಿಸುವ ಪಾಠ. ದೇವದಾರಿಯ ಚರ್ಚೆಯಲ್ಲಿಯೂ ಮೊದಲು ಕೇಳಬೇಕಾದುದು ಇದನ್ನೇ.